ಘಟ್ಟದ ಮೇಲೆ 42 ಮಂದಿ, ಮೂರು ರಾತ್ರಿ: ಅಜ್ಜಿಯನ್ನು ಕರೆದುಕೊಂಡು ಹೋಗಬಹುದಾ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಕಟಪಾಡಿ. ಡಿಸೆಂಬರ್ ಕೊನೆಯ ವಾರ ನಮ್ಮ ಕುಟುಂಬದ 42 ಮಂದಿ ಕೊಟ್ಟಿಗೆಹಾರದ ಹತ್ತಿರ ಕಾಫಿ ತೋಟದ ಒಳಗಿನ ಒಂದು ಹೋಂಸ್ಟೇಯನ್ನು ಮೂರು ರಾತ್ರಿಗೆ ಪೂರ್ತಿಯಾಗಿ ಬಾಡಿಗೆಗೆ ಹಿಡಿದಿದ್ದೇವೆ. ಮುಂಬೈಯ ಚಿಕ್ಕಪ್ಪಂದಿರು, ದುಬೈಯ ಅಣ್ಣ ಎಲ್ಲರೂ ಬರುತ್ತಾರೆ. ಅಜ್ಜಿಗೆ 84 ವರ್ಷ. ಬಿಪಿ ಇದೆ. ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ. ರಕ್ತ ತೆಳು ಮಾಡುವ ಮಾತ್ರೆ ಇದೆ, ಕಾಲು ಊದುತ್ತದೆ ಎಂದು ಮೂತ್ರ ಹೋಗುವ ಮಾತ್ರೆಯೂ ಇದೆ. ಮನೆಯೊಳಗೆ ಆರಾಮವಾಗಿ ಓಡಾಡುತ್ತಾರೆ, ಕಳೆದ ವರ್ಷ ವಿಮಾನದಲ್ಲಿ ಮುಂಬೈಗೆ ಹೋಗಿ ಬಂದರು. ದೊಡ್ಡಪ್ಪ ಹೇಳುವುದು, ಅಷ್ಟು ಎತ್ತರದಲ್ಲಿ ಅಜ್ಜಿಗೆ ಉಸಿರಾಡಲು ಕಷ್ಟ, ಆಕ್ಸಿಜನ್ ಸಿಲಿಂಡರ್ ಬಾಡಿಗೆಗೆ ತರೋಣ ಅಂತ. ತಂಗಿಯ ಮಗುವಿಗೆ 7 ತಿಂಗಳು. ಚಳಿಗೆ ಕಫ ಕಟ್ಟದಿರಲು ಕರ್ಪೂರ, ಎರಡು ಹನಿ ಬ್ರಾಂಡಿ ಸಾಕು ಎನ್ನುತ್ತಾರೆ ಅತ್ತೆ. ಅಣ್ಣನ ಆರು ವರ್ಷದ ಮಗಳಿಗೆ ಘಾಟಿಯಲ್ಲಿ ವಾಂತಿ ಗ್ಯಾರಂಟಿ. ನನಗೆ ಉಂಬಳದ ಹೆದರಿಕೆ. ಮೊದಲ ದಿನಕ್ಕೆ ಹಿಂದಿನ ರಾತ್ರಿಯೇ ಕೋರಿ ಗಸಿ ಮಾಡಿಕೊಂಡು, ಬಂಗುಡೆಯನ್ನು ಐಸಿನಲ್ಲಿಟ್ಟುಕೊಂಡು ಹೋಗುವ ಯೋಚನೆ. ಅಜ್ಜಿಯನ್ನು ಬಿಟ್ಟು ಹೋಗಲು ಮನಸ್ಸಿಲ್ಲ, ಕರೆದುಕೊಂಡು ಹೋಗಲು ಧೈರ್ಯ ಇಲ್ಲ. ಏನು ಮಾಡಲಿ?

ಉತ್ತರ: ಎತ್ತರ, ಚಳಿ, ಉಂಬಳ, ಘಾಟಿಯ ವಾಂತಿ. ನಿಮ್ಮ ಪತ್ರದಲ್ಲಿರುವ ಹೆದರಿಕೆಗಳು ಇವು. ಇವುಗಳಲ್ಲಿ ಯಾವುದೂ ನನಗೆ ದೊಡ್ಡ ಚಿಂತೆ ಅಲ್ಲ. ನೀವು ಬರೆಯದೇ ಬಿಟ್ಟದ್ದೇ ಚಿಂತೆ. ಬಚ್ಚಲಿಗೆ ಬಿಸಿನೀರು ಎಲ್ಲಿಂದ ಬರುತ್ತದೆ? ಅಜ್ಜಿ ಮಲಗುವ ಕೋಣೆಯಿಂದ ಟಾಯ್ಲೆಟ್ಟಿಗೆ ಎಷ್ಟು ದೂರ? ಮನೆಯ ಪಕ್ಕ ಕೆರೆಯೋ ತೊರೆಯೋ ಇದೆಯಾ? ರಾತ್ರಿ ಉಳಿದ ಅನ್ನವನ್ನು ಏನು ಮಾಡುತ್ತೀರಿ?

ನಮ್ಮ ಕಡೆ ಇಷ್ಟು ಜನ ಒಟ್ಟಿಗೆ ಸೇರುವುದು ಹೊಸದಲ್ಲ. ನಾಗನಿಗೆ ತಂಬಿಲ, ಕೋಲ, ಮದುವೆ ಎಂದರೆ ತರವಾಡು ಮನೆಯಲ್ಲಿ ನೂರು ಜನ ಉಣ್ಣುತ್ತಾರೆ, ಸಿಕ್ಕಿದಲ್ಲಿ ಚಾಪೆ ಹಾಸಿ ಮಲಗುತ್ತಾರೆ. ಏನೂ ಆಗುವುದಿಲ್ಲ. ಯಾಕೆಂದರೆ ಆ ಮನೆ ಎಲ್ಲರಿಗೂ ಗೊತ್ತು. ಯಾವ ಮೆಟ್ಟಿಲು ಜಾರುತ್ತದೆ ಎಂದು ಅಜ್ಜಿಗೆ ಕತ್ತಲಲ್ಲೂ ಗೊತ್ತು. ಮಕ್ಕಳು ಬಾವಿಕಟ್ಟೆ ಹತ್ತಿರ ಹೋದರೆ ಗದರಿಸಲು ಜಗಲಿಯಲ್ಲಿ ಯಾರಾದರೂ ಕೂತಿರುತ್ತಾರೆ. ಬಾಡಿಗೆ ಮನೆಗೆ ಅದೇ ಜನ ಅದೇ ಅಭ್ಯಾಸ ಇಟ್ಟುಕೊಂಡು ಹೋಗುತ್ತಾರೆ, ಆದರೆ ಮನೆ ಯಾರಿಗೂ ಗೊತ್ತಿರುವುದಿಲ್ಲ. ಇಂಥ ಪ್ರವಾಸ ಮುಗಿಸಿ ನನ್ನ ಕ್ಲಿನಿಕ್ಕಿಗೆ ಬರುವವರ ತೊಂದರೆಗಳು ಹೆಚ್ಚಾಗಿ ಇದರಿಂದಲೇ ಆದವು. ಬೆಟ್ಟದಿಂದ ಆದದ್ದು ತೀರಾ ಕಡಿಮೆ.

ಮೊದಲು ದೊಡ್ಡಪ್ಪನವರ ಆಕ್ಸಿಜನ್ ವಿಷಯ ಮುಗಿಸೋಣ. ಎತ್ತರದ ಕಾಯಿಲೆ ಎನ್ನುವುದು ನಿಜ, ಆದರೆ ಅದು ಸಾಮಾನ್ಯವಾಗಿ ಶುರುವಾಗುವುದು 2,500 ಮೀಟರ್ ದಾಟಿದ ಮೇಲೆ. ಲೇಹ್, ಕೇದಾರನಾಥದ ಮಾತು ಅದು. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ನೀವು ಹೋಗುವ ಕೊಟ್ಟಿಗೆಹಾರ, ಮೂಡಿಗೆರೆ ಸುತ್ತಮುತ್ತ ಸಾವಿರ ಮೀಟರ್ ಆಸುಪಾಸು. ಅಲ್ಲಿ ಗಾಳಿಯ ಒತ್ತಡ ಕಟಪಾಡಿಯಲ್ಲಿ ಇರುವುದರ ಹತ್ತರಲ್ಲಿ ಒಂಬತ್ತು ಪಾಲು ಇರುತ್ತದೆ. ಅಜ್ಜಿ ಮುಂಬೈಗೆ ಹೋದ ವಿಮಾನದ ಒಳಗಿನ ಒತ್ತಡ ಇದಕ್ಕಿಂತಲೂ ಕಡಿಮೆ. ಪ್ರಯಾಣಿಕರ ವಿಮಾನಗಳಲ್ಲಿ ಅದು 1,800ರಿಂದ 2,400 ಮೀಟರ್ ಎತ್ತರದ ಲೆಕ್ಕಕ್ಕೆ ಬರುತ್ತದೆ. ಅದನ್ನು ತಡೆದುಕೊಂಡವರಿಗೆ ಕೊಟ್ಟಿಗೆಹಾರ ಕಷ್ಟ ಆಗಬಾರದು.

ಸಿಲಿಂಡರ್ ಬೇಡ. ಸುಮ್ನೆ ಇರಲಿ ಅಂತ ಇಟ್ಟುಕೊಳ್ಳುವ ವಸ್ತು ಅಲ್ಲ ಅದು. ಟಿ.ಟಿ.ಯ (ಟೆಂಪೋ ಟ್ರಾವೆಲರ್) ಒಳಗೆ ಉರುಳಾಡಿದರೆ ಅಪಾಯ, ಕ್ಯಾಂಪ್ ಫೈರ್ ಹತ್ತಿರ ಇದ್ದರೆ ಇನ್ನೂ ಅಪಾಯ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಹುಸಿ ಧೈರ್ಯ. ನಿಜವಾಗಿಯೂ ಆಕ್ಸಿಜನ್ ಬೇಕಾಗುವಷ್ಟು ಉಸಿರು ಕಟ್ಟಿದರೆ ಅಜ್ಜಿ ಆಸ್ಪತ್ರೆಗೆ ಹೋಗಬೇಕು. ಸಿಲಿಂಡರ್ ಇದ್ದರೆ "ಬೆಳಗ್ಗೆವರೆಗೆ ನೋಡೋಣ" ಎನ್ನುತ್ತೀರಿ.

ಹಾಗಾದರೆ ಘಟ್ಟದ ಮೇಲೆ ಹೋದ ಹಿರಿಯರಿಗೆ ಎರಡನೇ ರಾತ್ರಿ ಉಸಿರು ಕಟ್ಟುವುದು ಯಾಕೆ? ಆಗುವುದಂತೂ ನಿಜ. ನಾನು ಮೊದಲು ಕೇಳುವುದು ಮೂತ್ರದ ಮಾತ್ರೆಯ ವಿಷಯ. ದಾರಿಯಲ್ಲಿ ಪದೇ ಪದೇ ಗಾಡಿ ನಿಲ್ಲಿಸಲು ಹೇಳುವುದಕ್ಕೆ ಸಂಕೋಚ, ಚಾರ್ಮಾಡಿಯಲ್ಲಿ ನಿಲ್ಲಿಸಲು ಜಾಗವೂ ಇಲ್ಲ. ಹಾಗಾಗಿ ಅಜ್ಜಿಯಂದಿರು ಯಾರಿಗೂ ಹೇಳದೆ ಆ ದಿನದ ಮಾತ್ರೆ ಬಿಟ್ಟುಬಿಡುತ್ತಾರೆ. ನೀರನ್ನೂ ಕುಡಿಯುವುದಿಲ್ಲ. ಮೇಲೆ ಹೋದ ಮೇಲೆ ಟಾಯ್ಲೆಟ್ ದೂರ, ಚಳಿ ಬೇರೆ, ಹಾಗಾಗಿ ಮರುದಿನವೂ ಮಾತ್ರೆ ಇಲ್ಲ. ಇದರ ಜೊತೆ ಊಟದಲ್ಲಿ ಉಪ್ಪಿನಕಾಯಿ, ಹಪ್ಪಳ, ಒಣಮೀನಿನ ಚಟ್ನಿ. ಉಪ್ಪು ನೀರನ್ನು ಹಿಡಿದಿಡುತ್ತದೆ, ಹೊರಹಾಕಬೇಕಾದ ಮಾತ್ರೆ ಚೀಲದಲ್ಲೇ ಇದೆ. ಆ ನೀರು ಮೊದಲು ಕಾಲಿಗೆ ಇಳಿಯುತ್ತದೆ, ಆಮೇಲೆ ಶ್ವಾಸಕೋಶದಲ್ಲಿ ತುಂಬುತ್ತದೆ. ರಾತ್ರಿ ಮಲಗಿದಾಗ ಉಸಿರು ಕಟ್ಟಿ ಎದ್ದು ಕೂರುತ್ತಾರೆ. ಮನೆಯವರು ಎತ್ತರವನ್ನು ಬೈಯುತ್ತಾರೆ.

ಆದ್ದರಿಂದ ಅಜ್ಜಿಯ ಡಾಕ್ಟರನ್ನು ಎರಡು ವಾರ ಮೊದಲೇ ನೋಡಿ. ಹೊರಡುವ ಹಿಂದಿನ ದಿನ ಅಲ್ಲ. ಪ್ರಯಾಣದ ದಿನ ಮೂತ್ರದ ಮಾತ್ರೆಯನ್ನು ಬೆಳಗ್ಗಿನ ಬದಲು ತಲುಪಿದ ಮೇಲೆ ಮಧ್ಯಾಹ್ನ ಕೊಡಬಹುದಾ ಎಂದು ಕೇಳಿ. ಹೆಚ್ಚಿನವರಿಗೆ ಸಮಯ ಬದಲಿಸಬಹುದು, ಬಿಟ್ಟುಬಿಡಬಾರದು. ರಕ್ತ ತೆಳು ಮಾಡುವ ಮಾತ್ರೆಯನ್ನಂತೂ ಪ್ರವಾಸದ ಹೆಸರಿನಲ್ಲಿ ಒಂದು ದಿನವೂ ನಿಲ್ಲಿಸಬೇಡಿ. ಸ್ಟೆಂಟ್ ಇರುವವರಿಗೆ ಅದು ಆಟದ ಮಾತಲ್ಲ. ಎದೆನೋವು ಬಂದಾಗ ನಾಲಿಗೆ ಅಡಿ ಇಡುವ ಮಾತ್ರೆ ಬರೆದುಕೊಟ್ಟಿದ್ದರೆ, ಅದನ್ನು ಕೂರಿಸಿಯೇ ಕೊಡಬೇಕು ಎಂದು ಜೊತೆಗಿರುವವರಿಗೆ ತಿಳಿದಿರಲಿ. ನಿಂತಿದ್ದಾಗ ಕೊಟ್ಟರೆ ಬಿಪಿ ಇಳಿದು ಬೀಳುತ್ತಾರೆ. ಮಾತ್ರೆಗಳು ಒಂದು ವಾರಕ್ಕೆ ಜಾಸ್ತಿ ಇರಲಿ, ಟಿ.ಟಿ.ಯ ಮೇಲೆ ಕಟ್ಟಿದ ಸೂಟ್‌ಕೇಸಿನಲ್ಲಿ ಬೇಡ, ಯಾರದಾದರೂ ಕೈಚೀಲದಲ್ಲಿ ಇರಲಿ. ಹಳೆಯ ಇಸಿಜಿ ಮತ್ತು ಡಿಸ್ಚಾರ್ಜ್ ಚೀಟಿಯ ಫೋಟೋ ಇಬ್ಬರ ಮೊಬೈಲಿನಲ್ಲಿ ಇರಲಿ.

ದಾರಿಯ ವಾಂತಿಗೆ ಹೊಟ್ಟೆ ಕಾರಣ ಅಲ್ಲ, ಕಿವಿ ಕಾರಣ. ಒಳಕಿವಿಯಲ್ಲಿ ಮೇಸ್ತ್ರಿಗಳ ರಸಮಟ್ಟದ ಹಾಗೆ ಒಂದು ದ್ರವ ಇದೆ. ಗಾಡಿ ತಿರುಗಿದಂತೆ ಅದು ಅಲುಗಾಡಿ "ತಿರುಗುತ್ತಿದ್ದೇವೆ" ಎನ್ನುತ್ತದೆ. ಮಗು ಮೊಬೈಲ್ ನೋಡುತ್ತಿದ್ದರೆ ಕಣ್ಣು "ಇಲ್ಲ, ಸುಮ್ಮನೆ ಕೂತಿದ್ದೇವೆ" ಎನ್ನುತ್ತದೆ. ಈ ಎರಡರ ಜಗಳವೇ ವಾಂತಿ. ಹಾಗಾಗಿ ಉಪವಾಸ ಕೂರಿಸಿದರೆ ವಾಂತಿ ನಿಲ್ಲುವುದಿಲ್ಲ, ಖಾಲಿ ಹೊಟ್ಟೆಯಲ್ಲಿ ಸಂಕಟ ಇನ್ನೂ ಜಾಸ್ತಿ. ಹೊರಡುವ ಒಂದು ಗಂಟೆ ಮೊದಲು ಎರಡು ಇಡ್ಲಿ ಸಾಕು. ಉಜಿರೆಯಲ್ಲಿ ನಿಲ್ಲಿಸಿ ಎಲ್ಲರೂ ಕಾಲು ಆಡಿಸಿ, ಮಗುವನ್ನು ಮುಂದೆ ಕೂರಿಸಿ, ದೂರದ ರಸ್ತೆ ನೋಡಲು ಹೇಳಿ. ಕಿಟಕಿ ಸ್ವಲ್ಪ ತೆರೆದಿರಲಿ. ಲಿಂಬೆಹಣ್ಣು ಮೂಸುವುದರಿಂದ ಕೆಡುಕಿಲ್ಲ, ಮೂಸಲಿ. ಅವೋಮಿನ್‌ನಂಥ ಮಾತ್ರೆ ಕೆಲಸ ಮಾಡುತ್ತದೆ, ಆದರೆ ಹೊರಡುವ ಒಂದೆರಡು ಗಂಟೆ ಮೊದಲೇ ಕೊಡಬೇಕು. ಚಾರ್ಮಾಡಿ ಗ್ರಾಮ ದಾಟಿದ ಮೇಲೆ ಕೊಟ್ಟರೆ ಮಾತ್ರೆಯೂ ಹೊರಗೆ ಬರುತ್ತದೆ. ಆರು ವರ್ಷದವಳಿಗೆ ಎಷ್ಟು ಎಂದು ತೂಕ ನೋಡಿ ಡಾಕ್ಟರು ಹೇಳಲಿ, ದೊಡ್ಡವರ ಮಾತ್ರೆಯನ್ನು ಅಂದಾಜಿನಲ್ಲಿ ಮುರಿದು ಕೊಡಬೇಡಿ. ಎರಡು ವರ್ಷದೊಳಗಿನ ಮಕ್ಕಳಿಗೆ ಅದು ಕೂಡದು. ಅಜ್ಜಿಗೂ ಬೇಡ. ಆ ವಯಸ್ಸಿನಲ್ಲಿ ಅದರಿಂದ ತೂಕಡಿಕೆ ಬರುತ್ತದೆ, ಗೊಂದಲವಾಗುತ್ತದೆ, ಮೂತ್ರ ಕಟ್ಟುವುದೂ ಉಂಟು.

ಇನ್ನು ನನ್ನ ನಿಜವಾದ ಚಿಂತೆಗೆ ಬರುತ್ತೇನೆ. ಹೋಂಸ್ಟೇಯವರಿಗೆ ಇವತ್ತೇ ಫೋನ್ ಮಾಡಿ ಒಂದು ಪ್ರಶ್ನೆ ಕೇಳಿ: ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದೆಯಾ? ಇದ್ದರೆ ಅದು ಬಚ್ಚಲಿನ ಒಳಗಿದೆಯಾ, ಹೊರಗಿನ ಗೋಡೆಯಲ್ಲಿದೆಯಾ?

ಗ್ಯಾಸ್ ಉರಿಯಲು ಗಾಳಿ ಬೇಕು. ಸಣ್ಣ ಬಚ್ಚಲಿನಲ್ಲಿ, ಚಳಿಗೆ ಕಿಟಕಿ ಮುಚ್ಚಿಕೊಂಡಾಗ ಆಮ್ಲಜನಕ ಕಡಿಮೆಯಾಗುತ್ತಾ ಹೋಗುತ್ತದೆ. ಆಗ ಗ್ಯಾಸ್ ಪೂರ್ತಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಕೆಮ್ಮೂ ಬರುವುದಿಲ್ಲ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಆಮೇಲೆ ಕುಸಿದು ಬೀಳುವುದು. ಚಿಲಕ ಒಳಗಿನಿಂದ ಹಾಕಿರುತ್ತದೆ. ಒಬ್ಬರ ಹಿಂದೆ ಒಬ್ಬರು ಸ್ನಾನಕ್ಕೆ ಹೋಗುವ ದೊಡ್ಡ ಕುಟುಂಬದಲ್ಲಿ ಅಪಾಯ ಜಾಸ್ತಿ, ಯಾಕೆಂದರೆ ಮೊದಲನೆಯವರು ಬಿಟ್ಟ ಹೊಗೆಗೆ ನಾಲ್ಕನೆಯವರು ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಗೀಸರ್ ಒಳಗೇ ಇದ್ದರೆ ಬಾಗಿಲು, ಕಿಟಕಿ ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಆಮೇಲೆ ಒಳಗೆ ಹೋಗಿ ಸ್ನಾನ ಮಾಡಬೇಕು. ಷವರ್ ಬೇಡ. ಹಂಡೆ ಒಲೆಯೋ, ಸೋಲಾರೋ, ಕರೆಂಟಿನ ಗೀಸರೋ ಇದ್ದರೆ ಈ ತಲೆಬಿಸಿ ಇಲ್ಲ. ಹಂಡೆ ಒಲೆಯ ಹೊಗೆ ಮಾತ್ರ ಹೊರಗೆ ಹೋಗುತ್ತಿರಬೇಕು.

ಇದೇ ಕಾರಣಕ್ಕೆ ಕ್ಯಾಂಪ್ ಫೈರಿನ ಕೆಂಡವನ್ನು ಬಾಣಲೆಯಲ್ಲಿ ತುಂಬಿಸಿ ಅಜ್ಜಿಯ ಕೋಣೆಯಲ್ಲೋ ಬಾಣಂತಿಯ ಕೋಣೆಯಲ್ಲೋ ಇಡಬೇಡಿ. ಹೊಗೆ ಇಲ್ಲದ ಕೆಂಡ ಒಳ್ಳೆಯದು ಎನ್ನುವುದು ತಪ್ಪು ತಿಳುವಳಿಕೆ. ಹೊಗೆ ಇದ್ದರೆ ಎದ್ದು ಹೊರಗೆ ಓಡುತ್ತೀರಿ, ಕೆಂಡಕ್ಕೆ ಯಾರೂ ಏಳುವುದಿಲ್ಲ. ಕರೆಂಟು ಹೋದಾಗ ಜನರೇಟರನ್ನು ಜಗಲಿಯಲ್ಲಿಟ್ಟು ಓಡಿಸುವುದೂ ಇದೇ ಜಾತಿಯದು.

ಕೊರೊನಾ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ನಿಮ್ಮ ಮನೆಯಲ್ಲಿ ಇರಬಹುದು. ತೆಗೆದುಕೊಂಡು ಹೋಗಿ, ಆದರೆ ಇಲ್ಲಿ ಅದನ್ನು ನಂಬಬೇಡಿ. ಕಾರ್ಬನ್ ಮೊನಾಕ್ಸೈಡ್ ಅಂಟಿಕೊಂಡ ರಕ್ತವೂ ಅದರ ಕಣ್ಣಿಗೆ ಕೆಂಪಾಗಿಯೇ ಕಾಣುತ್ತದೆ. ಮನುಷ್ಯ ಕುಸಿಯುತ್ತಿದ್ದರೂ ಪರದೆಯಲ್ಲಿ 98 ಎಂದು ತೋರಿಸಬಹುದು. ಸ್ನಾನ ಮಾಡಿ ಬಂದವರಿಗೆ ತಲೆನೋವು, ವಾಕರಿಕೆ ಎಂದರೆ ಮೊದಲು ಗಾಳಿಗೆ ಕರೆತನ್ನಿ, ಆಮೇಲೆ ಆಸ್ಪತ್ರೆ.

ಅಜ್ಜಿಯ ಮಟ್ಟಿಗೆ ಚಳಿಗಿಂತ ಕತ್ತಲು ಕೆಟ್ಟದ್ದು. ಹೊಸ ಮನೆ, ರಾತ್ರಿ ಎರಡು ಗಂಟೆ, ಮೂತ್ರಕ್ಕೆ ಎದ್ದದ್ದು, ಕಾಲಿಗೆ ಸಿಕ್ಕಿದ್ದು ಯಾರದೋ ಬ್ಯಾಗು ಅಥವಾ ಕಾರ್ಪೆಟ್ಟಿನ ಅಂಚು. ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರು ತಲೆ ಹೊಡೆದುಕೊಂಡರೆ ಹೊರಗೆ ಗಾಯ ಕಾಣದಿದ್ದರೂ ಒಳಗೆ ರಕ್ತ ಸೋರಬಹುದು. ಹಾಗೆ ಬಿದ್ದರೆ ಆ ರಾತ್ರಿಯೇ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಬೇಕು, "ಮಾತಾಡ್ತಿದ್ದಾರಲ್ವಾ, ಪರವಾಗಿಲ್ಲ" ಎಂದು ಮಲಗಿಸಬಾರದು. ನೆಲಮಹಡಿಯಲ್ಲಿ, ಟಾಯ್ಲೆಟ್ ಅಂಟಿಕೊಂಡಿರುವ ಕೋಣೆ ಅಜ್ಜಿಗೆ ಎಂದು ಈಗಲೇ ಬರೆಸಿಡಿ. ನೋಟ ಚೆನ್ನಾಗಿದೆ ಎಂದು ಮೇಲಿನ ಕೋಣೆ ಕೊಡುವ ಪ್ರೀತಿ ಬೇಡ. ಇಂಡಿಯನ್ ಟಾಯ್ಲೆಟ್ ಮಾತ್ರ ಇದ್ದರೆ ಕಮೋಡ್ ಕುರ್ಚಿ ಬಾಡಿಗೆಗೆ ಸಿಗುತ್ತದೆ. ದೊಡ್ಡಪ್ಪ ಸಿಲಿಂಡರಿಗೆ ಇಟ್ಟ ದುಡ್ಡು ಅದಕ್ಕೆ ಹೋಗಲಿ. ರಾತ್ರಿ ಒಂದು ಸಣ್ಣ ದೀಪ ಉರಿಯಲಿ. ಅದೇ ಕೋಣೆಯಲ್ಲಿ ಮೊಮ್ಮಗಳು ಒಬ್ಬಳು ಮಲಗಲಿ, ನಿದ್ದೆ ಹಗುರ ಇರುವವಳು.

ಮಗುವಿನ ವಿಷಯ ಚಿಕ್ಕದು. ಬ್ರಾಂಡಿ ಒಂದು ಹನಿಯೂ ಬೇಡ. ಅದು ಮೈಯನ್ನು ಬಿಸಿ ಮಾಡಿದಂತೆ ಅನ್ನಿಸಿದರೂ ಚರ್ಮದ ರಕ್ತನಾಳ ಹಿಗ್ಗಿಸಿ ಒಳಗಿನ ಶಾಖವನ್ನು ಹೊರಗೆ ಬಿಡುತ್ತದೆ. ಎಳೆಯ ಮಗುವಿನ ಸಕ್ಕರೆ ಅಂಶವನ್ನೂ ಇಳಿಸುತ್ತದೆ. ಕರ್ಪೂರವಂತೂ ವಿಷ. ಸಣ್ಣ ತುಂಡು ಬಾಯಿಗೆ ಹೋದರೂ ಮಕ್ಕಳಿಗೆ ಫಿಟ್ಸ್ ಬರಬಹುದು. ಏಳು ತಿಂಗಳ ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ, ಅತ್ತೆಗೆ ಇದನ್ನು ನನ್ನ ಹೆಸರಿನಲ್ಲೇ ಹೇಳಿ. ಶೀತ ಬರುವುದು ಚಳಿಯಿಂದ ಅಲ್ಲ, ವೈರಸ್ಸಿನಿಂದ. 42 ಜನ ಕಿಟಕಿ ಮುಚ್ಚಿ ಒಂದೇ ಹಾಲಿನಲ್ಲಿ ಕೂತು ಅಂತ್ಯಾಕ್ಷರಿ ಹಾಡುವಾಗ, ಕೆಮ್ಮುತ್ತಾ ಬಂದ ಒಬ್ಬ ಮಾವ ಮಗುವಿಗೆ ಮುತ್ತು ಕೊಟ್ಟರೆ ಸಾಕು. ಶೀತ ಇದ್ದವರು ಮಗುವನ್ನು ಎತ್ತಿಕೊಳ್ಳಬಾರದು. ಸ್ವಲ್ಪ ಕಟುವಾಗಿಯೇ ಹೇಳಿ. ಮೂರು ಪದರ ಬಟ್ಟೆ, ಟೊಪ್ಪಿ ಸಾಕು. ದೊಡ್ಡವರ ದಪ್ಪ ರಗ್ಗಿನೊಳಗೆ ಇಬ್ಬರ ಮಧ್ಯೆ ಮಲಗಿಸಬೇಡಿ. ಘಾಟಿ ಹತ್ತುವಾಗ, ಇಳಿಯುವಾಗ ಕಿವಿ ನೋವಿಗೆ ಅತ್ತರೆ ಗಾಡಿ ನಿಲ್ಲಿಸಿ ಹಾಲು ಕೊಡಿ. ನುಂಗಿದಾಗ ಕಿವಿ ಬಿಡುತ್ತದೆ.

ಊಟಕ್ಕೆ ಬರೋಣ. ಕೋರಿ ಗಸಿಯ ಯೋಚನೆ ಬಿಟ್ಟುಬಿಡಿ ಎಂದರೆ ನಿಮ್ಮ ಮನೆಯಲ್ಲಿ ನನ್ನ ಹೆಸರು ಕೆಡುತ್ತದೆ ಎಂದು ಗೊತ್ತು. ಆದರೂ ಹೇಳುತ್ತೇನೆ. ನಲವತ್ತು ಜನರ ಗಸಿ ಎಂದರೆ ದೊಡ್ಡ ಪಾತ್ರೆ. ರಾತ್ರಿ ಹತ್ತಕ್ಕೆ ಒಲೆಯಿಂದ ಇಳಿಸಿ ಮುಚ್ಚಿಟ್ಟರೆ ಬೆಳಗ್ಗೆ ಆರಕ್ಕೆ ಕೈ ಹಾಕಿ ನೋಡಿ, ಮೇಲೆ ತಣ್ಣಗಿದ್ದರೂ ನಡುವೆ ಉಗುರುಬೆಚ್ಚಗೆ ಇರುತ್ತದೆ. ಕೋಳಿ, ತೆಂಗಿನಹಾಲು, ಉಗುರುಬೆಚ್ಚಗಿನ ಶಾಖ. ಬ್ಯಾಕ್ಟೀರಿಯಾಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಅದೇ ಪಾತ್ರೆ ಮತ್ತೆ ನಾಲ್ಕು ಗಂಟೆ ಗಾಡಿಯಲ್ಲಿ ಹೋಗಿ ಮಧ್ಯಾಹ್ನ ಬಡಿಸುವ ಹೊತ್ತಿಗೆ ಹದಿನೈದು ಗಂಟೆ ದಾಟಿರುತ್ತದೆ. ಚೆನ್ನಾಗಿ ಕುದಿಸಿದರೆ ಆಯ್ತಲ್ವಾ ಎನ್ನುತ್ತೀರಿ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ. ಆದರೆ ಕೆಲವು ಬ್ಯಾಕ್ಟೀರಿಯಾ ಅಷ್ಟರಲ್ಲಿ ಬಿಟ್ಟುಹೋದ ವಿಷ ಕುದಿಗೂ ಹೋಗುವುದಿಲ್ಲ.

ಹೀಗೆ ಮಾಡಿ. ಗಸಿಯ ಮಸಾಲೆಯನ್ನು ಮನೆಯಲ್ಲೇ ಹುರಿದು ಒಣಪುಡಿ ಮಾಡಿಕೊಂಡು ಹೋಗಿ. ಕೋಳಿ ಅಲ್ಲೇ ತಾಜಾ ಸಿಗುತ್ತದೆ, ತೆಂಗಿನಕಾಯಿ ಇಲ್ಲಿಂದ ಹೋಗಲಿ, ಅಡುಗೆಯವರು ಅಲ್ಲೇ ಅರೆಯಲಿ. ರೊಟ್ಟಿ ಒಣಗಿದ್ದು, ಅದು ಡಬ್ಬಿಯಲ್ಲಿ ಹಾಯಾಗಿ ಬರುತ್ತದೆ. ಮೊದಲ ಮಧ್ಯಾಹ್ನಕ್ಕೆ ಕುಚ್ಚಲಕ್ಕಿ ಗಂಜಿ, ಚಟ್ನಿ, ಒಂದು ಪಲ್ಯ ಸಾಕು. ದಾರಿ ಸವೆಸಿ ಬಂದ ಹೊಟ್ಟೆಗೆ ಅದೇ ಹಿತ. ಕೊಟ್ಟಿಗೆಹಾರದ ನೀರುದೋಸೆಗೆ ಹೇಗೂ ಗಾಡಿ ನಿಲ್ಲಿಸುತ್ತೀರಿ, ಗೊತ್ತು ನನಗೆ.

ಬಂಗುಡೆಗೆ ಇನ್ನೊಂದು ಕಥೆ ಇದೆ. ಬಂಗುಡೆ, ಬೂತಾಯಿ, ಕೇದಾರದಂಥ ಮೀನನ್ನು ತಣ್ಣಗೆ ಇಡದಿದ್ದರೆ ಅದರಲ್ಲಿ ಹಿಸ್ಟಮಿನ್ ತುಂಬುತ್ತದೆ. ತಿಂದ ಒಂದು ಗಂಟೆಯೊಳಗೆ ಮುಖ ಕೆಂಪಾಗಿ, ತುರಿಕೆ, ತಲೆನೋವು, ಎದೆ ಬಡಿತ. ಎಲ್ಲರೂ ಮೀನಿನ ಅಲರ್ಜಿ ಎಂದುಕೊಳ್ಳುತ್ತಾರೆ. ಅಲರ್ಜಿ ಅಲ್ಲ, ಅಲರ್ಜಿಯಲ್ಲಿ ಬರುವ ವಸ್ತುವನ್ನೇ ತಿಂದದ್ದು. ಹುರಿದರೂ ಬೇಯಿಸಿದರೂ ಅದು ಹೋಗುವುದಿಲ್ಲ, ಮೀನು ನೋಡಲು ಚೆನ್ನಾಗಿಯೇ ಇರುತ್ತದೆ. ಆಸೆ ಇದ್ದರೆ ಮಲ್ಪೆಯಲ್ಲಿ ಬೆಳಗ್ಗೆ ಕೊಂಡು, ಶುಚಿ ಮಾಡಿಸಿ, ಪ್ರತಿ ಪದರದ ನಡುವೆ ಐಸು ಹಾಕಿ, ತಲುಪಿದ ಕೂಡಲೇ ಅದೇ ದಿನ ಮುಗಿಸಿ. ಎರಡನೇ ದಿನಕ್ಕೆ ಉಳಿಸಬೇಡಿ.

ರಾತ್ರಿ ಉಳಿದ ಅನ್ನವನ್ನು ಬೆಳಗ್ಗೆ ಚಿತ್ರಾನ್ನ ಮಾಡುವುದು ನಮ್ಮೆಲ್ಲರ ಅಭ್ಯಾಸ. ಘಟ್ಟದ ಚಳಿಗೆ ಅನ್ನ ಕೆಡುವುದಿಲ್ಲ ಎನ್ನುವ ನಂಬಿಕೆಯೂ ಇದೆ. ಫ್ರಿಜ್ಜಿನ ಒಳಗೆ ನಾಲ್ಕೈದು ಡಿಗ್ರಿ ಇರುತ್ತದೆ. ಅಡುಗೆಮನೆಯ ಒಲೆ ಪಕ್ಕ, ಅದೂ ದೊಡ್ಡ ಚರಿಗೆಯ ನಡುವಿನ ಅನ್ನ ಅಷ್ಟು ತಣ್ಣಗಾಗುವುದೇ ಇಲ್ಲ. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎನ್ನುವ ಬ್ಯಾಕ್ಟೀರಿಯಾದ ವಿಷ ಒಗ್ಗರಣೆಗೆ ಬಗ್ಗುವುದಿಲ್ಲ. ಎರಡು ಗಂಟೆಯೊಳಗೆ ಅಗಲ ತಟ್ಟೆಯಲ್ಲಿ ಹರಡಿ ಆರಿಸಿ ಫ್ರಿಜ್ಜಿಗೆ ಇಡಬಹುದಾದರೆ ಸರಿ, ಇಲ್ಲದಿದ್ದರೆ ಬಿಸಾಡಿ. ನಲವತ್ತು ಜನಕ್ಕೆ ಇರುವ ಐದಾರು ಟಾಯ್ಲೆಟ್‌ಗಳನ್ನು ನೆನೆಸಿಕೊಂಡರೆ ಬಿಸಾಡುವುದು ಕಷ್ಟ ಅನ್ನಿಸುವುದಿಲ್ಲ. ಕುಡಿಯುವ ನೀರು ಝರಿಯದ್ದು, ಬೆಟ್ಟದ್ದು, ಶುದ್ಧ ಎಂದು ಮಾಲೀಕರು ಹೇಳುತ್ತಾರೆ. ಕುದಿಸಿಯೇ ಕುಡಿಯಿರಿ. ಓಆರ್‌ಎಸ್ ಪೊಟ್ಟಣ ಹತ್ತು ಇಟ್ಟುಕೊಳ್ಳಿ. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಹಾಕಬೇಕು. ಮಗುವಿನ ಲೋಟಕ್ಕೆ ಚಿಟಿಕೆ ಚಿಟಿಕೆ ಹಾಕಬಾರದು.

ಉಂಬಳಕ್ಕೆ ಹೆದರಬೇಡಿ. ಅದು ಮಳೆಗಾಲದ ಅತಿಥಿ. ಡಿಸೆಂಬರ್ ಕೊನೆಗೆ ತೋಟ ಒಣಗಿರುತ್ತದೆ, ತೊರೆಯ ಬದಿ ಬಿಟ್ಟರೆ ಕಾಣುವುದು ಕಡಿಮೆ. ಕಚ್ಚಿದರೂ ಕಾಯಿಲೆ ತರುವುದು ತೀರಾ ಅಪರೂಪ. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಬಿಡುವುದರಿಂದ ಸ್ವಲ್ಪ ಹೊತ್ತು ಸೋರುತ್ತದೆ, ಅಜ್ಜಿಗಾದರೆ ಇನ್ನೂ ಹೆಚ್ಚು ಹೊತ್ತು. ಉಗುರಿನಿಂದ ಜಾರಿಸಿ ತೆಗೆದು ಬಟ್ಟೆಯಿಂದ ಒತ್ತಿ ಹಿಡಿದರೆ ಆಯ್ತು. ಒಣಹವೆ ಶುರುವಾದ ಮೇಲೆ ಹೆದರಬೇಕಾದದ್ದು ಉಣುಗಿಗೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಈ ಉಣುಗಿನಿಂದ. ಚಿಕ್ಕಮಗಳೂರು ಜಿಲ್ಲೆಯಲ್ಲೂ ಕಂಡುಬಂದಿದೆ. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ಹೋದವರಿಗೆಲ್ಲ ಬರುವುದಿಲ್ಲ, ಹೆದರಿ ಪ್ರವಾಸ ಬಿಡಬೇಕಾಗಿಯೂ ಇಲ್ಲ. ಮಂಗ ಸತ್ತ ಸುದ್ದಿ ಹತ್ತಿರದಲ್ಲಿ ಇದೆಯಾ ಎಂದು ಮಾಲೀಕರನ್ನು ಕೇಳಿ. ಇದ್ದರೆ ಆ ಕಡೆ ಕಾಲಿಡಬೇಡಿ. ತರಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ. ಪ್ಯಾಂಟನ್ನು ಸಾಕ್ಸಿನೊಳಗೆ ಸಿಕ್ಕಿಸಿ, ತಿರುಗಾಡಿ ಬಂದ ಮೇಲೆ ಬಿಸಿನೀರಿನ ಸ್ನಾನ, ಮಕ್ಕಳ ಕಂಕುಳು, ಕಿವಿಹಿಂದೆ, ಸೊಂಟ ನೋಡುವುದು. ಮಲೆನಾಡಿನಲ್ಲಿ ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲ ಸಿಕ್ಕಿದರೆ ಕೈಕಾಲಿಗೆ ಹಚ್ಚಿಕೊಳ್ಳಿ.

ಕೆರೆ, ತೊರೆ, ಈಜುಕೊಳ. ಮುಳುಗುವ ಮಗು ಕೂಗುವುದಿಲ್ಲ. ಬಾಯಿ ನೀರಿನಲ್ಲಿ ಇರುವಾಗ ಕೂಗು ಎಲ್ಲಿಂದ? ದಡದಲ್ಲಿ ಇಪ್ಪತ್ತು ಜನ ದೊಡ್ಡವರು ಇದ್ದರೂ ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆ ಎಂದುಕೊಂಡಿರುತ್ತಾರೆ. ಹಾಗಾಗಿ ಹೆಸರು ಹಿಡಿದು ಒಬ್ಬರನ್ನು ನಿಲ್ಲಿಸಿ, ಅರ್ಧ ಗಂಟೆಗೆ ಬದಲಿಸಿ. ಆ ಅರ್ಧ ಗಂಟೆ ಅವರ ಕೈಯಲ್ಲಿ ಮೊಬೈಲೂ ಇರಬಾರದು, ಗ್ಲಾಸೂ ಇರಬಾರದು. ಗ್ಲಾಸಿನ ಮಾತು ಬಂತಲ್ಲ, ಸಕ್ಕರೆ ಕಾಯಿಲೆಯ ಮಾತ್ರೆ ತಿನ್ನುವ ಚಿಕ್ಕಪ್ಪಂದಿರು ಊಟ ಬಿಟ್ಟು ಕುಡಿದು ಮಲಗಿದರೆ ರಾತ್ರಿ ಸಕ್ಕರೆ ತೀರಾ ಇಳಿದುಹೋಗಬಹುದು. ಅದು ನೋಡುವವರಿಗೆ ಅಮಲಿನಂತೆಯೇ ಕಾಣುತ್ತದೆ.

ರಾತ್ರಿ ಏನಾದರೂ ಆದರೆ ಎಲ್ಲಿಗೆ ಎನ್ನುವುದನ್ನು ಹಗಲಿನಲ್ಲೇ ತೀರ್ಮಾನಿಸಿ. ನಮ್ಮವರಿಗೆ ಮಣಿಪಾಲ, ಮಂಗಳೂರು ಬಿಟ್ಟರೆ ಬೇರೆ ನಂಬಿಕೆ ಇಲ್ಲ. ಆದರೆ ಎದೆನೋವು ಬಂದವರನ್ನು ಮಧ್ಯರಾತ್ರಿ ಮಂಜಿನಲ್ಲಿ ಚಾರ್ಮಾಡಿ ಇಳಿಸುವುದಕ್ಕಿಂತ ಮೂಡಿಗೆರೆಯ ಸರ್ಕಾರಿ ಆಸ್ಪತ್ರೆಗೆ ಮೊದಲು ಮುಟ್ಟಿಸುವುದು ಮೇಲು. ಇಸಿಜಿ, ಮೊದಲ ಔಷಧ ಅಲ್ಲಿ ಆಗಲಿ, ಮುಂದೆ ಎಲ್ಲಿಗೆ ಎಂದು ಆಮೇಲೆ. ತೋಟದೊಳಗೆ ನೆಟ್‌ವರ್ಕ್ ಎಲ್ಲಿ ಸಿಗುತ್ತದೆ ಎಂದು ಹೋದ ಕೂಡಲೇ ಕೇಳಿ, 108ಕ್ಕೆ ಕರೆ ಮಾಡಲು ಅಲ್ಲಿಗೇ ನಡೆಯಬೇಕು. ಒಂದು ಕಾರನ್ನು ಗೇಟಿನ ಕಡೆ ಮುಖ ಮಾಡಿ, ಹಿಂದೆ ಮುಂದೆ ಯಾರೂ ನಿಲ್ಲಿಸದಂತೆ ಇಡಿ. ಕೀಲಿ ಬಾಗಿಲ ಪಕ್ಕದ ಮೊಳೆಯಲ್ಲಿರಲಿ. ಅದರ ಚಾಲಕ ಯಾರೋ ಅವರು ಆ ರಾತ್ರಿ ಕುಡಿಯುವಂತಿಲ್ಲ. ಮೂಡಿಗೆರೆ ಕಡೆ ತೋಟಗಳಿಗೆ ಕಾಡಾನೆ ಬರುತ್ತದೆ, ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ವಾಕಿಂಗ್ ಬೇಡ. ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕಾಲು ಅಲುಗಾಡಿಸದೆ ಆಸ್ಪತ್ರೆಗೆ.

ಈಗ ಅಜ್ಜಿ. ನಿಮ್ಮ ಮುಂದೆ ಮೂರು ದಾರಿ ಇದೆ. ಕರೆದುಕೊಂಡು ಹೋಗುವುದು, ಮನೆಯಲ್ಲಿ ಬಿಡುವುದು, ಇಡೀ ಕೂಟವನ್ನೇ ಘಟ್ಟದ ಕೆಳಗೆ ಕಾರ್ಕಳವೋ ಬೆಳ್ತಂಗಡಿಯೋ ಕಡೆಗೆ ಇಳಿಸುವುದು.

ಮನೆಯಲ್ಲಿ ಬಿಟ್ಟರೆ ಸುರಕ್ಷಿತ 'ಅಲ್ವಾ' ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಮನೆಯವರೆಲ್ಲ ಘಟ್ಟ ಹತ್ತಿದ ಮೇಲೆ, ಗುರುತಿಲ್ಲದ ಹೋಂನರ್ಸ್ ಒಬ್ಬರ ಜೊತೆ ಮೂರು ರಾತ್ರಿ. ಮಾತ್ರೆ ತಪ್ಪುವುದು, ಊಟ ಸೇರದಿರುವುದು, ಬೇಸರ. ಇದೂ ಅಪಾಯವೇ, ಫೋಟೋದಲ್ಲಿ ಕಾಣುವುದಿಲ್ಲ ಅಷ್ಟೇ. ಕೂಟವನ್ನು ಕೆಳಗೆ ಇಳಿಸಿದರೆ ಘಾಟಿ ತಪ್ಪುತ್ತದೆ, ಆಸ್ಪತ್ರೆ ಹತ್ತಿರ. ಆದರೆ ಗೀಸರ್, ಅನ್ನ, ಕತ್ತಲು, ಕೆರೆ ಅಲ್ಲಿಯೂ ಇರುತ್ತವೆ. ಮುಂಗಡ ಕೊಟ್ಟ ಹಣವೂ ಹೋಗುತ್ತದೆ.

ನೀವು ಬರೆದ ವಿವರ ನಿಜವಾದರೆ, ಡಾಕ್ಟರು ನೋಡಿ ಸರಿ ಎಂದರೆ, ನಾನಾದರೆ ಕರೆದುಕೊಂಡು ಹೋಗುತ್ತೇನೆ. ಟಿ.ಟಿ.ಯಲ್ಲಿ ಬೇಡ, ಕಾರಿನ ಮುಂದಿನ ಸೀಟಿನಲ್ಲಿ, ಹಗಲಿನಲ್ಲಿ. ಮೂರು ರಾತ್ರಿ ಜಾಸ್ತಿ ಅನ್ನಿಸಿದರೆ ಒಬ್ಬ ಮೊಮ್ಮಗ ಎರಡನೇ ದಿನ ಮಧ್ಯಾಹ್ನ ಕೆಳಗೆ ಕರೆತರಲು ಒಪ್ಪಿರಲಿ. ಹೋಗಲೇಬಾರದ ಸಂದರ್ಭಗಳೂ ಇವೆ: ಕಳೆದ ಎರಡು ಮೂರು ತಿಂಗಳಲ್ಲಿ ಆಸ್ಪತ್ರೆ ಸೇರಿದ್ದರೆ, ಮಲಗಿದಾಗ ಉಸಿರು ಕಟ್ಟುತ್ತಿದ್ದರೆ, ನಡೆದರೆ ಎದೆ ಹಿಡಿಯುತ್ತಿದ್ದರೆ, ನಾಲ್ಕೈದು ದಿನದಲ್ಲಿ ತೂಕ ಎರಡು ಕಿಲೋ ಏರಿದ್ದರೆ. ಹೊರಡುವ ವಾರ ದಿನಾ ಬೆಳಗ್ಗೆ ತೂಕ ನೋಡಿ ಬರೆದಿಡಿ. ಮತ್ತೆ ಒಂದು ಮಾತು. ನಿಮ್ಮ ಪತ್ರದಲ್ಲಿ ದೊಡ್ಡಪ್ಪ ಏನು ಹೇಳಿದರು, ಅತ್ತೆ ಏನು ಹೇಳಿದರು ಎಲ್ಲ ಇದೆ, ಅಜ್ಜಿ ಏನು ಹೇಳಿದರು ಎನ್ನುವುದು ಇಲ್ಲ. ಕೇಳಿ ನೋಡಿ. ಚಳಿಗೆ ಅಲ್ಲಿ ಯಾಕೆ ಸಾಯ್ಲಿಕ್ಕೆ, ಎಲ್ಲರೂ ಇಲ್ಲಿಗೇ ಬನ್ನಿ ಎಂದರೂ ಎನ್ನಬಹುದು.

ಇಳಿದು ಬಂದ ಮೇಲೆ ಎರಡು ವಾರ ಒಂದು ಕಣ್ಣಿರಲಿ. ಯಾರಿಗಾದರೂ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿ. ಪ್ಯಾರಾಸಿಟಮಾಲ್ ಮಾತ್ರ ತೆಗೆದುಕೊಂಡು ಡಾಕ್ಟರ ಹತ್ತಿರ ಹೋಗಿ, "ಡಿಸೆಂಬರಿನಲ್ಲಿ ಮೂಡಿಗೆರೆ ಕಡೆ ಕಾಡಂಚಿನ ತೋಟದಲ್ಲಿ ಇದ್ದೆವು" ಎಂದು ಬಾಯಿಬಿಟ್ಟು ಹೇಳಬೇಕು. ಉಡುಪಿಯ ಡಾಕ್ಟರು ಹೇಗೂ ಕೇಳುತ್ತಾರೆ. ಅಷ್ಟರಲ್ಲಿ ದುಬೈಗೆ ಮರಳಿದ ಅಣ್ಣನಿಗೆ ಇದನ್ನು ಈಗಲೇ ಹೇಳಿಡಿ, ಅಲ್ಲಿಯ ಡಾಕ್ಟರಿಗೆ ಮಂಗನ ಕಾಯಿಲೆ ತಾನಾಗಿ ಹೊಳೆಯುವುದಿಲ್ಲ.